ಬಸಿಯ ಬೆನ್ನಿನ ಬರಹ: ಕಲ್ಯಾಣ ಕರ್ನಾಟಕಕ್ಕೆ ಬಂದ ಯುರೋಪಿನ ಪಿಂಗಾಣಿ

"ತಮ್ಮಾ, ಎರಡೂ ಕೈಲೆ ಹಿಡಿ" ಅಂದರು ಅಜ್ಜಿ. ಆಳಂದ ತಾಲ್ಲೂಕಿನ ಒಂದು ಹಳೆಯ ವಾಡೆಯ ಪಡಸಾಲೆ. ಗೋಡೆಯೊಳಗೆ ಹುದುಗಿದ ಕಪಾಟಿನಿಂದ ಅವರು ತೆಗೆದುಕೊಟ್ಟದ್ದು ಒಂಟಿ ಬಸಿ. ಅದರ ಜೋಡಿ ಕಪ್ ಯಾವ ಕಾಲಕ್ಕೋ ಒಡೆದುಹೋಗಿದೆ. ನಡುವೆ ನೇರಳೆ ಛಾಯೆಯ ಗುಲಾಬಿ ಗೊಂಚಲು, ಅಂಚಿನಲ್ಲಿ ಸವೆದ ಬಂಗಾರದ ಗೆರೆ. ಗೊಂಚಲಿನಿಂದ ಎರಡು ಬೆರಳು ಆಚೆ, ಯಾವ ಹೂವಿಗೂ ಎಲೆಗೂ ಸಂಬಂಧವಿಲ್ಲದಂತೆ, ಒಂದು ಸಣ್ಣ ಕರಿ ಹುಳ. ಭೂತಗನ್ನಡಿ ಹಿಡಿದಾಗ ಅದರ ಗುಟ್ಟು ತಿಳಿಯಿತು. ಹುಳದ ಬೆನ್ನಿನ ಕೆಳಗೆ ಮೆರುಗಿನಲ್ಲೊಂದು ಗುಂಡಿ ಇದೆ. ಆವಿಗೆಯಲ್ಲಿ ಬಿದ್ದ ದೋಷವನ್ನು ಮರೆಮಾಡಲು ಚಿತ್ರಗಾರ ಅಲ್ಲೊಂದು ಹುಳ ಕೂರಿಸಿದ್ದಾನೆ. ಬಸಿಯನ್ನು ಮಗುಚಿದರೆ ನೀಲಿಯಲ್ಲಿ ಬರೆದ ಎರಡು ಅಡ್ಡ ಕತ್ತಿಗಳು. ಬಿರುಕಿನುದ್ದಕ್ಕೂ ಮೂರು ಕಡೆ ಲೋಹದ ತಂತಿಯ ಹೊಲಿಗೆ.

"ನಮ್ಮ ಮಾವನ ತಂದಿ ಕಲ್ದಾರ ಕೊಟ್ಟು ತಂದದ್ದು" ಅಂದರು ಅಜ್ಜಿ. ನಿಜಾಮರ ಹಾಲಿ ಸಿಕ್ಕಾ ಸಂಸ್ಥಾನದ ಒಳಗಿನ ನಾಣ್ಯ. ಮುಂಬಯಿಯ ಅಂಗಡಿಗೆ ಬ್ರಿಟಿಷ್ ಇಂಡಿಯಾದ ಕಲ್ದಾರ್ ರೂಪಾಯಿಯೇ ಬೇಕಿತ್ತು. ಹೀಗೆ ಬೇರೆ ನಾಣ್ಯ ಹೊಂದಿಸಿ ಕೊಂಡ ಒಂದು ಬಸಿಯನ್ನು ಏನೆಂದು ಓದಬೇಕು? ಯುರೋಪಿನ ಕುಶಲಕಲೆ ಎಂದೇ, ನವಾಬಿ ಅನುಕರಣೆ ಎಂದೇ, ರೈತನ ಕಂದಾಯದ ಉಳಿಕೆ ಎಂದೇ, ಇಲ್ಲ ಒಂದು ಮನೆಯ ನೆನಪು ಎಂದೇ? ಹಳೆಯ ಪಿಂಗಾಣಿ ಸಂಗ್ರಹದ ಬಗ್ಗೆ ಮಾತು ಬಂದಾಗಲೆಲ್ಲ ಈ ನಾಲ್ಕು ಉತ್ತರಗಳ ನಡುವೆಯೇ ಜಗಳ. ಆಳಂದ, ಅಫಜಲಪುರ, ಜೇವರ್ಗಿಯ ಕಡೆಯಿಂದ ನಿಂತು ನೋಡಿದಾಗ ಈ ಜಗಳಕ್ಕೆ ಬೇರೆಲ್ಲೂ ಇಲ್ಲದ ಒಂದು ತೂಕ ಬರುತ್ತದೆ ಎಂಬುದು ನನ್ನ ಅನುಭವ.

ಹೆಸರು ಚೀನಾದ್ದು, ಸಾಮಾನು ಜರ್ಮನಿಯದು

ಮರಾಠಿಯ ಬಶಿ ನಮ್ಮ ಕಡೆ ಬಸಿಯಾಯಿತು. ಫಾರಸಿಯ ರಕಾಬಿ ರಕಾಬಿಯಾಗಿಯೇ ಉಳಿಯಿತು. ಹಿರಿಯರ ಬಾಯಲ್ಲಿ ಪಿಂಗಾಣಿಗಿಂತ 'ಚೀನಿ' ಅನ್ನುವುದೇ ಹೆಚ್ಚು. ಯುರೋಪು ಪಿಂಗಾಣಿ ಮಾಡಲು ಕಲಿಯುವ ಎಷ್ಟೋ ಮೊದಲೇ ಚೀನಾದ ತಟ್ಟೆಗಳು ದಖ್ಖನಿಗೆ ಬಂದಿದ್ದವು. ಹಂಪಿಯ ಉತ್ಖನನಗಳಲ್ಲಿ ಚೀನಿ ಚೂರುಗಳು ಸಿಕ್ಕಿವೆ. ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಆದಿಲಶಾಹಿ ಕಾಲದ ಚೀನಿ ಪಾತ್ರೆಗಳನ್ನು ಇವತ್ತೂ ನೋಡಬಹುದು. ದಖ್ಖನಿನ ದರಬಾರುಗಳಲ್ಲಿ ಹಸಿರು ಮೆರುಗಿನ 'ಗೋರಿ' ತಟ್ಟೆಗಳಿಗೆ ದೊಡ್ಡ ಬೇಡಿಕೆ ಇತ್ತು. ಊಟದಲ್ಲಿ ವಿಷವಿದ್ದರೆ ಆ ತಟ್ಟೆ ಬಿರಿಯುತ್ತದೆ ಎಂಬ ನಂಬಿಕೆ ಅದಕ್ಕೆ ಕಾರಣ. ಮೆರುಗು ಕೊಟ್ಟ ಬಣ್ಣ ಈ ನೆಲಕ್ಕೆ ಹೊಸದೂ ಅಲ್ಲ. ಬೀದರಿನಲ್ಲಿ 1472ರಲ್ಲಿ ಎದ್ದ ಮಹಮೂದ್ ಗಾವಾನರ ಮದರಸಾದ ಗೋಡೆಯಲ್ಲಿ ಹೆಂಚಿನ ನೀಲಿ ಇನ್ನೂ ಉಳಿದಿದೆ.

ಯುರೋಪಿನ ರಾಜರಿಗೆ ಚೀನಿ ಪಿಂಗಾಣಿಯ ಹುಚ್ಚು ಎಷ್ಟಿತ್ತೆಂದರೆ, 1717ರಲ್ಲಿ ಸ್ಯಾಕ್ಸನಿಯ ಅಗಸ್ಟಸ್ ತನ್ನ 600 ಕುದುರೆ ಸವಾರರನ್ನು ಪ್ರಷ್ಯಾದ ದೊರೆಗೆ ಕೊಟ್ಟು 151 ಚೀನಿ ಪಾತ್ರೆಗಳನ್ನು ತಂದುಕೊಂಡ. ಆ ಹೊತ್ತಿಗಾಗಲೇ ಅವನ ಸೆರೆಯಲ್ಲಿದ್ದ ರಸವಾದಿ ಯೋಹಾನ್ ಫ್ರೀಡ್ರಿಕ್ ಬಾಟ್ಗರ್, ವಿಜ್ಞಾನಿ ಚಿರ್ನ್‌ಹೌಸ್ ಜೊತೆ ದುಡಿದು, 1708ರ ಸುಮಾರಿಗೆ ಗಟ್ಟಿ ಪಿಂಗಾಣಿಯ ಗುಟ್ಟು ಒಡೆದಿದ್ದ. ಕೆಯೊಲಿನ್ ಎಂಬ ಬಿಳಿ ಜೇಡಿ ಬೇಕು, ಕರಗುವ ಕಲ್ಲಿನ ಪುಡಿ ಬೇಕು, 1,300 ಡಿಗ್ರಿ ಸೆಲ್ಸಿಯಸ್ ದಾಟುವ ಬೆಂಕಿ ಬೇಕು. 1710ರಲ್ಲಿ ಮೈಸೆನ್ ಕಾರ್ಖಾನೆ ಶುರುವಾಯಿತು. 1720ರಲ್ಲಿ ಹೆರೋಲ್ಟ್ ಎಂಬ ಚಿತ್ರಗಾರ ಬಂದು ಬಣ್ಣಗಳನ್ನು ಹದಗೊಳಿಸಿದ. ಗುಟ್ಟು ಬಹಳ ದಿನ ನಿಲ್ಲಲಿಲ್ಲ. ಮೊದಲು ವಿಯೆನ್ನಾಕ್ಕೆ ಹೋಯಿತು; ಫ್ರಾನ್ಸಿನ ಸೆವ್ರ್, ನೇಪಲ್ಸಿನ ಕಾಪೊದಿಮೊಂತೆಯಲ್ಲೂ ಪಿಂಗಾಣಿ ಕಾರ್ಖಾನೆಗಳು ಎದ್ದವು.

ಕನ್ನಡ ನಾಡಿಗೆ ಇದರ ದೊಡ್ಡ ನಂಟು ಬೆಸೆದದ್ದು ಟಿಪ್ಪು ಸುಲ್ತಾನ್. 1788ರಲ್ಲಿ ಶ್ರೀರಂಗಪಟ್ಟಣದ ಮೂವರು ರಾಯಭಾರಿಗಳು ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದರು. ದೊರೆ ಸೆವ್ರ್ ಪಿಂಗಾಣಿಯನ್ನು ಉಡುಗೊರೆಯಾಗಿ ಕೊಟ್ಟ. ಟಿಪ್ಪುವಿಗೆ ಬೇಕಾಗಿದ್ದುದು ಸೈನ್ಯದ ನೆರವು, ಅದು ಸಿಗಲಿಲ್ಲ. ಆದರೆ ಅವನು ಕುಶಲಕರ್ಮಿಗಳನ್ನೂ ಕೇಳಿದ್ದ, ಅವರಲ್ಲಿ ಪಿಂಗಾಣಿ ಮಾಡುವವರೂ ಇದ್ದರು. ಪಾತ್ರೆ ಸಾಲದು, ಪಾತ್ರೆ ಮಾಡುವ ವಿದ್ಯೆ ಬೇಕು ಎಂದ ಆ ಒಂದು ಕೋರಿಕೆಯನ್ನು ನಮ್ಮ ಪಿಂಗಾಣಿ ಚರ್ಚೆಗಳು ಮರೆಯುತ್ತಲೇ ಬಂದಿವೆ.

ಕಲಬುರಗಿಯ ಕಡೆಗೆ ಯುರೋಪಿನ ಸಾಮಾನು ಸಲೀಸಾಗಿ ಬಂದದ್ದು ರೈಲಿನಿಂದ. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಮುಂಬಯಿಯ ರೈಲು ಕಲಬುರಗಿ ದಾಟಿ ರಾಯಚೂರು ಮುಟ್ಟಿದ್ದು 1871ರಲ್ಲಿ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮುಂಬಯಿಯಿಂದ ಹೊರಟ ಬಸಿ ಸ್ಟೇಷನ್ನಿನಲ್ಲಿ ಇಳಿದು, ಚಕ್ಕಡಿ ಹತ್ತಿ, ಒಡೆಯದೆ ವಾಡೆ ಸೇರುವುದು ಅಲ್ಲಿಂದೀಚೆಗೆ ಸಾಧ್ಯವಾಯಿತು.

ಬೆನ್ನು ಓದುವವರು

ಆ ನಾಲ್ಕು ಉತ್ತರಗಳಲ್ಲಿ ಮೊದಲನೆಯದನ್ನು ಕೊಡುವ ಪಂಥದವರು ರಸಿಕರು. ವಸ್ತುವನ್ನು ವಸ್ತುವಾಗಿಯೇ ನೋಡಬೇಕು, ಮಿಕ್ಕದ್ದೆಲ್ಲ ಆಮೇಲೆ ಎನ್ನುವವರು. ಇವರ ವಿದ್ಯೆಯನ್ನು ಹಗುರವಾಗಿ ಕಾಣುವಂತಿಲ್ಲ. ಕೈಯಲ್ಲಿರುವುದು ಏನೆಂದು ತಿಳಿಯದೆ ಅದರ ಅರ್ಥದ ಬಗ್ಗೆ ಮಾತಾಡಿ ಏನು ಬಂತು?

ಕೈಬಣ್ಣವೇ, ಅಚ್ಚೇ ಎಂಬುದು ಇವರ ಮೊದಲ ಪ್ರಶ್ನೆ. ತಾಮ್ರದ ಫಲಕದಲ್ಲಿ ಕೊರೆದ ಚಿತ್ರವನ್ನು ಕಾಗದಕ್ಕಿಳಿಸಿ ಪಾತ್ರೆಗೆ ಒತ್ತುವ ಉಪಾಯ 1750ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂತು. ಲಿವರ್‌ಪೂಲಿನ ಸ್ಯಾಡ್ಲರ್ ಮತ್ತು ಗ್ರೀನ್ 1756ರಲ್ಲಿ ಆರು ಗಂಟೆಯೊಳಗೆ 1,200 ಹೆಂಚುಗಳಿಗೆ ಚಿತ್ರ ಒತ್ತಿದ್ದಾಗಿ ಪ್ರಮಾಣ ಮಾಡಿ ಬರೆದುಕೊಟ್ಟರು. ಅಲ್ಲಿಂದ ಮುಂದೆ ಕೈಬಣ್ಣ ಅಂದರೆ ದುಬಾರಿ. ಭೂತಗನ್ನಡಿಯಲ್ಲಿ ಅಚ್ಚಿನ ಚಿತ್ರದ ನೆರಳು ಸಣ್ಣ ಚುಕ್ಕಿಗಳಾಗಿ, ಒಂದೇ ಅಳತೆಯ ಗೆರೆಗಳಾಗಿ ಒಡೆಯುತ್ತದೆ. ಕೈಬಣ್ಣದಲ್ಲಿ ಕುಂಚ ಊರಿದಲ್ಲಿ ಬಣ್ಣ ದಟ್ಟ, ಎತ್ತಿದಲ್ಲಿ ತೆಳು. ಒಂದು ಗುಲಾಬಿ ಇನ್ನೊಂದರಂತೆ ಇರುವುದಿಲ್ಲ. ಇವೆರಡರ ನಡುವೆ ಕಣ್ಣು ಕಟ್ಟುವ ಮೂರನೆಯ ಬಗೆಯೊಂದಿದೆ. ಗೆರೆ ಅಚ್ಚಿನದು, ಒಳಗೆ ತುಂಬಿದ ಬಣ್ಣ ಮಾತ್ರ ಕೈಯದು. ಬಣ್ಣ ಗೆರೆ ದಾಟಿ ಚೂರು ಆಚೆ ಹೋಗಿದ್ದರೆ ಅದು ಸಿಕ್ಕಿಬೀಳುತ್ತದೆ. ಬೆರಳು ಸವರಿದರೂ ಒಂದಿಷ್ಟು ತಿಳಿಯುತ್ತದೆ. ಮೆರುಗಿನ ಮೇಲೆ ಬರೆದು ಕಡಿಮೆ ಬೆಂಕಿಯಲ್ಲಿ ಸುಟ್ಟ ಎನಾಮೆಲ್ ಬಣ್ಣ ತುಸು ಉಬ್ಬಿರುತ್ತದೆ, ಮೆರುಗಿನ ಕೆಳಗಿನ ಕೋಬಾಲ್ಟ್ ನೀಲಿ ಬೆರಳಿಗೆ ತಾಗುವುದೇ ಇಲ್ಲ.

ಎರಡನೆಯದು ಬೆನ್ನಿನ ಗುರುತು. ಮೈಸೆನ್‌ನ ಅಡ್ಡ ಕತ್ತಿಗಳು 1720ರ ದಶಕದಿಂದ ಬಂದವು. ಅವುಗಳ ಮೇಲೆ ಗೀಚು ಹಾಕಿದ್ದರೆ ಕಾರ್ಖಾನೆಯೇ ಅದನ್ನು ಎರಡನೇ ದರ್ಜೆಗೆ ಇಳಿಸಿತ್ತೆಂದು ಅರ್ಥ. ಸೆವ್ರ್‌ನದು ಹೆಣೆದುಕೊಂಡ ಎರಡು 'ಎಲ್', ನಡುವೆ 1753ರಿಂದ ಬಂದ ವರ್ಷದ ಅಕ್ಷರ. ಆದರೆ ಪಿಂಗಾಣಿಯಲ್ಲಿ ಗುರುತಿನಷ್ಟು ಸುಳ್ಳು ಹೇಳುವುದು ಇನ್ನೊಂದಿಲ್ಲ. ಡ್ರೆಸ್ಡನ್‌ನ ಹೊರಗಿನ ಚಿತ್ರಶಾಲೆಗಳು ಕತ್ತಿಯನ್ನು ಹೋಲುವ ಗುರುತುಗಳನ್ನು ಧಾರಾಳವಾಗಿ ಹಾಕಿದವು. ಪ್ಯಾರಿಸಿನ ಸ್ಯಾಮ್ಸನ್ ಸಂಸ್ಥೆ 19ನೇ ಶತಮಾನದಲ್ಲಿ ಎಲ್ಲ ದೊಡ್ಡ ಕಾರ್ಖಾನೆಗಳ ಮಾದರಿಗಳನ್ನೂ ನಕಲು ಮಾಡಿತು. ಕಾಪೊದಿಮೊಂತೆಯ ಮೂಲ ಕಾರ್ಖಾನೆ ನಡೆದದ್ದು 1743ರಿಂದ 1759ರವರೆಗೆ ಮಾತ್ರ. ಕಿರೀಟದ ಕೆಳಗೆ 'ಎನ್' ಇರುವ ಪಾತ್ರೆಗಳು ಮಾತ್ರ ಲೋಕದ ತುಂಬ ಇವೆ. ದೇಶದ ಹೆಸರೇ ಬರೆದಿದ್ದರೆ ಒಂದು ಸುಳಿವು ಸಿಕ್ಕಿತು. ಅಮೆರಿಕದ ಸುಂಕದ ಕಾನೂನು 1891ರಿಂದ ಮೂಲ ದೇಶದ ಹೆಸರು ಕೇಳಿದ್ದರಿಂದ, 'ಇಂಗ್ಲೆಂಡ್', 'ಜರ್ಮನಿ' ಎಂದು ಮುದ್ರೆ ಇರುವವು ಸಾಮಾನ್ಯವಾಗಿ ಅದರ ನಂತರದವು.

ಅಜ್ಜಿಯ ಬಸಿಯ ಕತ್ತಿಗಳು ಮೆರುಗಿನ ಕೆಳಗಿವೆ, ಹುಳ ಗುಂಡಿಯ ಮೇಲೆಯೇ ಕೂತಿದೆ, ದಳಗಳಲ್ಲಿ ಕುಂಚದ ಏರಿಳಿತ ಇದೆ. ಇಷ್ಟರಿಂದ ಅದು ಕೈಬಣ್ಣದ್ದು ಎಂದು ಧೈರ್ಯವಾಗಿ ಹೇಳಬಲ್ಲೆ. ರಸಿಕರ ಪಂಥ ಇಲ್ಲಿಗೆ ಬಂದು ನಿಲ್ಲುತ್ತದೆ. ಬಸಿ ಆಳಂದಕ್ಕೆ ಯಾಕೆ ಬಂತು ಎಂದು ಅದರ ಮೈ ಹೇಳುವುದಿಲ್ಲ.

ಮೇಜಿನ ಮೇಲಿನ ರಾಜಕಾರಣ

ಯಾಕೆ ಬಂತು ಎಂಬುದಕ್ಕೆ ಎರಡನೆಯ ಪಂಥದವರ ಉತ್ತರ: ಅಧಿಕಾರಕ್ಕಾಗಿ. ಬ್ರಿಟಿಷ್ ರೆಸಿಡೆಂಟನನ್ನು ಊಟಕ್ಕೆ ಕರೆಯಬೇಕಾದ ಅಮೀರನಿಗೆ ಯುರೋಪಿನ ಮೇಜು ಬೇಕಿತ್ತು. ನಿಜಾಮರ ದೊಡ್ಡ ಅಮೀರರಾದ ಪೈಗಾ ಮನೆತನದ ವಿಕಾರ್-ಉಲ್-ಉಮ್ರಾ ಕಟ್ಟಿಸಿದ ಹೈದರಾಬಾದಿನ ಫಲಕ್‌ನುಮಾ ಅರಮನೆಯಲ್ಲಿ 101 ಜನ ಕೂರುವ ಊಟದ ಮೇಜಿದೆ. ಅಷ್ಟು ಉದ್ದದ ಮೇಜಿಗೆ ತಟ್ಟೆ, ಬಟ್ಟಲು, ಕಪ್‌ಗಳ ಎಷ್ಟು ಸಾಲು ಬೇಕಾಯಿತೆಂದು ಊಹಿಸಿಕೊಳ್ಳಿ. ಕಟ್ಟಿದ ಕೆಲವೇ ವರ್ಷಗಳಲ್ಲಿ ಆ ಅರಮನೆ ನಿಜಾಮ ಮಹಬೂಬ್ ಅಲಿ ಖಾನರ ಪಾಲಾಯಿತು.

ಮೂರನೇ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರ ಕತೆ ಇದಕ್ಕಿಂತ ತೊಡಕಿನದು. 1912ರಲ್ಲಿ ನಿಜಾಮರ ದಿವಾನರಾದರು, 1914ಕ್ಕೆ ಆ ಹುದ್ದೆ ಬಿಟ್ಟಾಗ ಅವರಿಗೆ ಇಪ್ಪತ್ತೈದು. ಅಲ್ಲಿಂದ 1949ರಲ್ಲಿ ತೀರಿಕೊಳ್ಳುವವರೆಗೆ, ಮದುವೆಯಾಗದೆ, ಮಕ್ಕಳಿಲ್ಲದೆ, ಮೂವತ್ತೈದು ವರ್ಷ ಅವರು ಮಾಡಿದ್ದು ಸಂಗ್ರಹ. ಸೆವ್ರ್, ಡ್ರೆಸ್ಡನ್, ವುಸ್ಟರ್, ಮಿಂಟನ್, ವೆಜ್‌ವುಡ್ ಎಲ್ಲ ಅಲ್ಲಿಗೆ ಬಂದವು. ಅಜ್ಜ ಒಂದನೇ ಸಾಲಾರ್ ಜಂಗ್ ಮೂವತ್ತು ವರ್ಷ ರಾಜ್ಯ ನಡೆಸಿದವರು. ಮೊಮ್ಮಗನಿಗೆ ಉಳಿದದ್ದು ಕಪಾಟುಗಳ ರಾಜ್ಯ. ಅಧಿಕಾರ ಕಳೆದುಕೊಂಡವರು ಅಭಿರುಚಿಯಲ್ಲಿ ಅದನ್ನು ಮತ್ತೆ ಕಟ್ಟಿಕೊಂಡರು ಎಂಬ ವಿವರಣೆ ಇಲ್ಲಿ ಬಹಳ ಮಟ್ಟಿಗೆ ಒಪ್ಪುತ್ತದೆ. ಆದರೂ ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ಬರೀ ಮಾನಕ್ಕಾಗಿ ಕೊಳ್ಳುವವನು ಅತಿಥಿಯ ಕಣ್ಣಿಗೆ ಬೀಳುವಷ್ಟು ಕೊಂಡು ನಿಲ್ಲಿಸುತ್ತಾನೆ. ಬಿಚ್ಚಿ ಜೋಡಿಸಿ ಮುಗಿಯದಷ್ಟು ಕೊಂಡವನಲ್ಲಿ ಮೋಹವೂ ಇತ್ತು. ಮೋಹವನ್ನು ಲೆಕ್ಕಕ್ಕೆ ಹಿಡಿಯದ ಇತಿಹಾಸ ಅರ್ಧ ಇತಿಹಾಸ.

1951ರ ಡಿಸೆಂಬರ್ 16ರಂದು ನೆಹರೂ ಅವರ ಕೈಯಲ್ಲಿ ಆ ಸಂಗ್ರಹ ಮನೆತನದ ಅರಮನೆಯಾದ ದಿವಾನ್ ದೇವಡಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. 1961ರಲ್ಲಿ ಸಂಸತ್ತಿನ ಕಾಯಿದೆ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಮಾಡಿತು, 1968ರಲ್ಲಿ ಅದು ಮೂಸಿ ನದಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು.

ಯಾರ ಕಂದಾಯ?

ಕೊಳ್ಳುವ ಹಣ ಎಲ್ಲಿಂದ ಬಂತು? ಮೂರನೆಯ ಪಂಥದ ಮಾತು ಶುರುವಾಗುವುದೇ ಇಲ್ಲಿ, ಕನ್ನಡ ಓದುಗರಿಗೆ ಎಲ್ಲಕ್ಕಿಂತ ಹತ್ತಿರದ ಮಾತೂ ಇದೇ. ಸಾಲಾರ್ ಜಂಗ್ ಮನೆತನದ ಜಾಗೀರುಗಳಲ್ಲಿ ಕೊಪ್ಪಳ, ಯಲಬುರ್ಗಾ ಸೇರಿದ್ದವು. 1858ರಲ್ಲಿ ಮುಂಡರಗಿ ಭೀಮರಾಯ ಹಿಡಿದು, ಕಾದಾಡಿ ಮಡಿದ ಕೊಪ್ಪಳದ ಕೋಟೆ ಈ ಜಾಗೀರಿನದೇ. ಪೈಗಾ ಮನೆತನದ ಹಿಡಿತದಲ್ಲಿ ಆಳಂದ, ಅಫಜಲಪುರ, ಚಿಂಚೋಳಿಯಂಥ ಸೀಮೆಗಳಿದ್ದವು. ಹೈದರಾಬಾದಿನ ಗಾಜಿನ ಕಪಾಟಿನಲ್ಲಿ ಮಿನುಗುವ ತಟ್ಟೆಗಳ ಹಿಂದೆ ಭೀಮಾ ದಂಡೆಯ ಬಿಳಿಜೋಳ ಇದೆ, ಕೊಪ್ಪಳದ ಎರೆಹೊಲ ಇದೆ.

ಅಗಸ್ಟಸ್ ದೊರೆ ಪಾತ್ರೆಗೆ ಸೈನಿಕರನ್ನು ಕೊಟ್ಟದ್ದು ಎಲ್ಲ ಪುಸ್ತಕಗಳಲ್ಲೂ ಬರುತ್ತದೆ. ನಮ್ಮ ಲೆಕ್ಕವನ್ನು ಮಾತ್ರ ಯಾರೂ ಹಾಗೆ ಎದುರುಬದುರಾಗಿ ಬರೆದಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1949ರ ಆಗಸ್ಟ್ 15ರಿಂದ ಜಾಗೀರು ರದ್ದತಿ ಜಾರಿಗೆ ಬಂತು, 1956ರಲ್ಲಿ ಕಲಬುರಗಿ, ರಾಯಚೂರು, ಬೀದರ್ ಕನ್ನಡ ರಾಜ್ಯಕ್ಕೆ ಬಂದವು. ಭೂಮಿ ಈ ಕಡೆಗೆ ಬಂತು, ಪಿಂಗಾಣಿ ಆ ಕಡೆ ಉಳಿಯಿತು.

ಈ ಪಂಥ ದುಡ್ಡಿನ ಮೂಲವನ್ನು ತೋರಿಸುತ್ತದೆ, ಅದು ದೊಡ್ಡ ಕೆಲಸ. ಆದರೆ ಎಲ್ಲ ಪಿಂಗಾಣಿಯನ್ನೂ ಜಾಗೀರಿನ ಲೆಕ್ಕಕ್ಕೆ ಬರೆದರೆ ದೇಸಾಯಿ, ದೇಶಮುಖ, ವಕೀಲ, ಅಡತಿ ವ್ಯಾಪಾರಿಗಳ ಮನೆಯ ಒಂದೊಂದು ಬಸಿಯ ಕತೆ ಕೈಬಿಟ್ಟುಹೋಗುತ್ತದೆ. ಅವರು ಅಮೀರರಲ್ಲ. ಹಬ್ಬಕ್ಕೆ ಅರಿವೆ ತರಲು ಹೋದವರು ಆಸೆಪಟ್ಟು ಒಂದು ಜೋಡಿ ಕಪ್-ಬಸಿ ತಂದವರು.

ಅಡುಗೆಮನೆಯ ಹೊಸ್ತಿಲು

ಹೀಗೆ ತಂದ ಕಪ್-ಬಸಿ ಮನೆಯಲ್ಲಿ ಎಲ್ಲಿ ಕೂತಿತು? ಈ ಪ್ರಶ್ನೆ ಕೇಳುವವರನ್ನು ನಾಲ್ಕನೆಯ ಪಂಥ ಎನ್ನಬಹುದು. ಇವರ ಬರಹ ಕಡಿಮೆ, ಸಾಮಗ್ರಿ ಮಾತ್ರ ಪ್ರತಿ ಮನೆಯಲ್ಲೂ ಇದೆ.

ಮಡಿಯ ಲೆಕ್ಕದಲ್ಲಿ ಹಿತ್ತಾಳೆ, ತಾಮ್ರ ಮೈಲಿಗೆಯಾದರೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದರೆ ಮುಗಿಯಿತು. ಮಣ್ಣಿನ ಗಡಿಗೆ ಮೈಲಿಗೆಯಾದರೆ ಒಡೆಯಬೇಕು. ಪಿಂಗಾಣಿ ಮಣ್ಣೂ ಹೌದು, ನೀರು ಹೀರದ ಗಾಜಿನಂಥ ಮೈಯೂ ಹೌದು. ಅದನ್ನು ಯಾವ ಸಾಲಿಗೆ ಸೇರಿಸಬೇಕೆಂದು ತೋಚದೆ ಅನೇಕ ಮನೆಗಳು ಪಡಸಾಲೆಯಲ್ಲೇ ನಿಲ್ಲಿಸಿದವು. ಇಂಗ್ಲೆಂಡಿನ ಬೋನ್ ಚೈನಾದ ಮಣ್ಣಿಗೆ ದನದ ಎಲುಬಿನ ಬೂದಿಯನ್ನು ಅರ್ಧದಷ್ಟು ಬೆರೆಸುತ್ತಾರೆ ಎಂಬ ಸುದ್ದಿ ಕಿವಿಗೆ ಬಿದ್ದಲ್ಲಂತೂ ಬಾಗಿಲು ಪೂರ್ತಿ ಮುಚ್ಚಿತು. ಅದೇ ಅಡುಗೆಮನೆ ಉಪ್ಪಿನಕಾಯಿಯ ಭರಣಿಯನ್ನು ಮಾತ್ರ ಒಳಗೆ ಕರೆದುಕೊಂಡಿತು, ಯಾಕೆಂದರೆ ಉಪ್ಪು-ಹುಳಿ ಹಿತ್ತಾಳೆಯನ್ನು ತಿನ್ನುತ್ತದೆ, ಮೆರುಗಿನ ಭರಣಿಯನ್ನು ತಿನ್ನುವುದಿಲ್ಲ. ನೆರೆಯ ಮುಸ್ಲಿಂ ಮನೆಗಳಲ್ಲಿ ಈ ತೊಡಕೇ ಇರಲಿಲ್ಲ. ದಸ್ತರ್‌ಖಾನಿನ ಮೇಲೆ ಚೀನಿ ರಕಾಬಿಗೆ ಮೊದಲಿಂದಲೂ ಜಾಗವಿತ್ತು.

ಇನ್ನೊಂದು ಜಾಗವನ್ನೂ ಹೇಳಲೇಬೇಕು. ಹಿಡಿ ಮುರಿದ ಕಪ್ಪನ್ನು ಹೊರಗಿನ ಮಾಡದಲ್ಲೋ ದನದ ಕೊಟ್ಟಿಗೆಯ ಗೂಡಿನಲ್ಲೋ ಇಟ್ಟು, ದುಡಿಯಲು ಬಂದ ದಲಿತರಿಗೆ ಅದರಲ್ಲಿ ಚಹಾ ಕೊಡುತ್ತಿದ್ದ ಮನೆಗಳು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಇದ್ದವು. ಕುಡಿದವರೇ ಅದನ್ನು ತೊಳೆದು ಮತ್ತೆ ಅಲ್ಲೇ ಇಡಬೇಕು. ಕಪಾಟಿನ ಬಸಿಗೆ ಎರಡು ಕೈ ಬೇಕು, ಮಾಡದ ಕಪ್ಪನ್ನು ಮನೆಯವರ ಕೈ ಮುಟ್ಟುವಂತಿಲ್ಲ. ಪಿಂಗಾಣಿ ಸಂಗ್ರಹದ ಯಾವ ಪುಸ್ತಕದಲ್ಲೂ ಈ ಕಪ್ಪಿನ ಚಿತ್ರ ನಾನು ಕಂಡಿಲ್ಲ. ಒಂದು ಸೀಮೆಯ ಪಿಂಗಾಣಿಯ ಇತಿಹಾಸ ಬರೆಯುವವರು ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟು ಬರೆಯಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಸಂತೆ, ಕಾಯಿದೆ, ಜರ್ಮನಿಯ ಲಕ್ಷ್ಮಿ

ಈಗ ಈ ಪಿಂಗಾಣಿ ಸಾಮಾನು ಕೈ ಬದಲಿಸುವುದು ವಾಡೆ ಕೆಡವುವಾಗ. ಬಾಗಿಲ ಚೌಕಟ್ಟು, ಕಂಬಗಳ ಜೊತೆ ಕಪಾಟೂ ಹೋಗುತ್ತದೆ. ಕಲಬುರಗಿಯ ಗುಜರಿಯವರಿಂದ ಹೈದರಾಬಾದಿನ ಜುಮೇರಾತ್ ಬಜಾರಿಗೆ, ಅಲ್ಲಿಂದ ಮುಂಬಯಿಗೆ. ಒಂದೊಂದು ಕೈ ದಾಟಿದಾಗಲೂ ಊರಿನ ಹೆಸರು, ಮನೆಯ ಹೆಸರು ಉದುರುತ್ತದೆ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕುಶಲವಸ್ತು ಪುರಾತನ; ಅದನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ, ಮಾರುವವರಿಗೆ ಪರವಾನಗಿ ಬೇಕು. ವಸ್ತು ಎಲ್ಲಿ ತಯಾರಾಯಿತು ಎಂಬ ಷರತ್ತು ಆ ವ್ಯಾಖ್ಯೆಯಲ್ಲಿ ಇಲ್ಲ. ಜರ್ಮನಿಯಲ್ಲಿ ಹುಟ್ಟಿದ ಬಸಿ ನೂರು ತುಂಬಿದ ಮೇಲೆ ಈ ನೆಲದ್ದೇ ಆಸ್ತಿ.

ಸಂಗ್ರಾಹಕರು ಈಚೆಗೆ ಹುಡುಕುತ್ತಿರುವುದು ಇನ್ನೊಂದು ಬಗೆಯನ್ನು. 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಕಾರ್ಖಾನೆಗಳು ರವಿವರ್ಮನ ಮುದ್ರಿತ ಚಿತ್ರಗಳನ್ನು ನೋಡಿ ಲಕ್ಷ್ಮಿ, ಸರಸ್ವತಿ, ಕೃಷ್ಣನ ಪಿಂಗಾಣಿ ಬೊಂಬೆಗಳನ್ನು ಮಾಡಿ ಇಲ್ಲಿಗೆ ಕಳಿಸಿದವು. ಸೀರೆಯ ಅಂಚಿಗೆ, ಒಡವೆಗೆ ಬಣ್ಣ ತುಂಬಿದ್ದು ಅಲ್ಲಿನ ಕೈ. ಕೇರಳದ ಚಿತ್ರಗಾರ, ಮುಂಬಯಿಯ ಕಡೆಯ ಮುದ್ರಣ, ಜರ್ಮನಿಯ ಮಣ್ಣು, ನಮ್ಮ ದೇವರ ಕೋಣೆ. ಮಡಿಯ ಹೊಸ್ತಿಲು ದಾಟದ ಪಿಂಗಾಣಿ ದೇವರ ರೂಪದಲ್ಲಿ ನೇರ ಜಗುಲಿಗೇ ಹೋಗಿ ಕೂತಿತು.

ಇತ್ಯರ್ಥವಾಗದೆ ಉಳಿದದ್ದು

ಆ ಲಕ್ಷ್ಮಿಯನ್ನು ಯುರೋಪಿನ ಪಿಂಗಾಣಿ ಎನ್ನಬೇಕೋ ಭಾರತದ ಕಲೆ ಎನ್ನಬೇಕೋ ಎಂಬುದರ ಬಗ್ಗೆ ರಸಿಕರಲ್ಲೇ ಒಮ್ಮತವಿಲ್ಲ. ಕೊಪ್ಪಳ, ಯಲಬುರ್ಗಾದ ಕಂದಾಯಕ್ಕೂ ಸಾಲಾರ್ ಜಂಗ್ ಸಂಗ್ರಹದ ಖರೀದಿಗೂ ನಡುವಿನ ಲೆಕ್ಕವನ್ನು ವರ್ಷವಾರು ಹೊಂದಿಸಿ ನೋಡುವ ಕೆಲಸ ಆಗಬೇಕಿದೆ. ಅದಾದ ಮೇಲೂ, ಆ ತಟ್ಟೆಗಳಲ್ಲಿ ಕೆಲವನ್ನಾದರೂ ಕೊಪ್ಪಳದ ಮಕ್ಕಳು ತಮ್ಮೂರಲ್ಲೇ ನೋಡುವಂತಾಗಬೇಕೆ, ಇಲ್ಲ ಸಂಗ್ರಹವೊಂದನ್ನು ಒಡೆಯದೆ ಒಂದೇ ಕಡೆ ಇಡುವುದು ದೊಡ್ಡದೆ ಎಂಬ ವಾದ ಉಳಿಯುತ್ತದೆ. ಮಾಡದ ಕಪ್ಪನ್ನು ಸಂಗ್ರಹಾಲಯದಲ್ಲಿ ಇಡುವುದು ನ್ಯಾಯವೋ, ಅದರಲ್ಲಿ ಕುಡಿದವರ ಮೊಮ್ಮಕ್ಕಳಿಗೆ ಮತ್ತೊಮ್ಮೆ ಅವಮಾನವೋ ಎಂಬುದನ್ನು ಅವರೇ ಹೇಳಬೇಕು. ಅವರನ್ನು ಇನ್ನೂ ಯಾರೂ ಕೇಳಿಲ್ಲ.

ಮತ್ತೆ ಅಜ್ಜಿಯ ಬಸಿಯ ಆ ತಂತಿಯ ಹೊಲಿಗೆ. ಗುಲಾಬಿಯನ್ನು ಬರೆದವನ ಕಾರ್ಖಾನೆ, ಕಾಲ, ಬಣ್ಣದ ಹದ ಎಲ್ಲಕ್ಕೂ ಪುಸ್ತಕಗಳಿವೆ. ಬೈರಿಗೆಯಿಂದ ಪಿಂಗಾಣಿಯ ಅರ್ಧ ದಪ್ಪಕ್ಕೆ ಮಾತ್ರ ತೂತು ಕೊರೆದು, ಚಿತ್ರದ ಕಡೆಗೆ ತುದಿ ಕಾಣದಂತೆ ತಂತಿ ಬಾಗಿಸಿ, ಒಡೆದ ಬಸಿಯನ್ನು ನೀರು ಸೋರದಂತೆ ಕೂಡಿಸಿದ ಕೈಯ ಬಗ್ಗೆ ಒಂದು ಸಾಲೂ ಇಲ್ಲ. ಅಜ್ಜಿಯನ್ನು ಕೇಳಿದೆ. "ಉರುಸಿನಾಗ ಬರತಿದ್ದ, ಒಂದು ಪೆಟ್ಟಿಗಿ ಹೊತಗೊಂಡು" ಅಂದರು. "ಯಾ ಊರಾವ ಅಂತ ನಾವು ಕೇಳಲಿಲ್ಲ."